ಉತ್ತರ ಧ್ರುವದ ದಾರಿಯಲ್ಲಿ ಬೆಳಕವಾಡಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರು ಏನು ಕೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಆಗ್ಲಿ ಬುಡಿ" ಅಂದುಬಿಡುತ್ತೇನೆ. ಇದು ಕಸುಬಿನಿಂದ ಅಂಟಿಕೊಂಡದ್ದು. ಮಳವಳ್ಳಿಯಲ್ಲಿ ಮೂವತ್ತು ವರ್ಷದಿಂದ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವನು ನಾನು. ನಾಳೆ ಬೆಳಿಗ್ಗೆ ಸಾವಿರ ಜನಕ್ಕೆ ಚಪ್ಪರ ಬೇಕು ಎಂದು ಇವತ್ತು ಸಂಜೆ ಬಂದು ನಿಲ್ಲುವವರಿಗೆ "ಯೋಚನೆ ಮಾಡಿ ಹೇಳ್ತೀನಿ" ಎಂದರೆ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ. ಮೊದಲು ಆಗಲಿ ಅನ್ನಬೇಕು, ಹೇಗೆ ಆಗುತ್ತದೆ ಎನ್ನುವುದನ್ನು ಆಮೇಲೆ ನೋಡಿಕೊಳ್ಳಬೇಕು. ಹೀಗೆ ಮದುವೆ, ತಿಥಿ, ನಾಮಕರಣ, ಚುನಾವಣಾ ಭಾಷಣ ಎಲ್ಲಕ್ಕೂ ಆಗಲಿ ಅಂದವನು ಹೋದ ದೀಪಾವಳಿ ಹೊತ್ತಿಗೆ ಉತ್ತರ ಧ್ರುವದ ಸೀಮೆಗೂ ಅಂದುಬಿಟ್ಟೆ.

ಕೇಳಿದವರು ದನದ ಡಾಕ್ಟರು ನಂಜುಂಡಪ್ಪನವರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ವರ್ಷಕ್ಕೊಂದು ಬೆಟ್ಟ ಹತ್ತುವ ಹುಚ್ಚು ಹಿಡಿದಿದೆ. ಅವರ ಮಗಳ ಮದುವೆಗೆ ನಾನೇ ಚಪ್ಪರ ಹಾಕಿದ್ದೆ. ಧಾರೆ ಹೊತ್ತಿಗೆ ಬೀಸಿದ ಗಾಳಿಗೆ ಪಕ್ಕದ ಬೀದಿಯ ಶೀಟುಗಳು ಹಾರಿಹೋದರೂ ನನ್ನ ಒಂದು ಗೂಟ ಅಲುಗಲಿಲ್ಲ. ಅದನ್ನು ನೆನಪಿನಲ್ಲಿಟ್ಟಿದ್ದರೋ ಏನೋ, ಆರು ಜನರ ಗುಂಪಿನಲ್ಲಿ ಒಬ್ಬರು ಕೈಕೊಟ್ಟ ಕೂಡಲೇ ನೆಟ್ಟಗೆ ನನ್ನ ಅಂಗಡಿಗೆ ಬಂದರು.

"ಕೆಂಪಣ್ಣ, ಜುಲೈನಲ್ಲಿ ಹದಿನೈದು ದಿನ ಬಿಡುವು ಮಾಡ್ಕೊ. ಡೇರೆ ಹೊಡೆಯೋಕೆ ನಿನ್ನಂಥೋನು ಬೇಕು."

"ಆಗ್ಲಿ ಬುಡಿ ಸಾರ್. ಯಾವೂರಲ್ಲಿ?"

"ಸ್ವೀಡನ್ ದೇಶದ ಉತ್ತರದ ತುದಿ. ಆರ್ಕ್ಟಿಕ್ಕು. ಬರೀ ನಡೆಯೋದು, ನಡೆದು ನಡೆದು ಮಲಗೋದು."

ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ. ನನ್ನ ಕುರ್ಚಿಗಳು ಗೋಡೌನಿನಲ್ಲಿ ಒಂದರ ಮೇಲೊಂದು ಕೂತು ಆಕಳಿಸುವ ಕಾಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಭೂಗೋಳ ಅಷ್ಟಕ್ಕಷ್ಟೇ. ನಮ್ಮ ಮೇಷ್ಟರು ಭೂಮಿಯ ಗೋಳವನ್ನು ಮೇಲುಗಡೆ ತಿರುಪು ಇರುವ ಜಾಗದಲ್ಲಿ ಹಿಡಿದು ತಿರುಗಿಸುತ್ತಿದ್ದರು. ಆ ತಿರುಪಿನ ಅಡಿಯಲ್ಲಿ ಒಂದು ಸೀಮೆ ಇದೆ, ಅಲ್ಲಿಗೆ ಮನುಷ್ಯರು ರಜೆ ಹಾಕಿ ಹೋಗುತ್ತಾರೆ ಎನ್ನುವುದು ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ಓದದಿದ್ದರೂ ದುಡಿದು ಮೇಲೆ ಬಂದವನು ನಾನು, ಅದರ ಬಗ್ಗೆ ನನಗೆ ಜಂಬವೇ ಇದೆ. ಓದಿದವರು ಹೋಗುವ ಜಾಗಕ್ಕೆ ನಾನೇಕೆ ಹೋಗಬಾರದು?

ನಮ್ಮ ಹಿರಿಯರಿಗೆ ಕಾಡಿಗೆ ಹೋಗುವುದು ಎಂದರೆ ಶಿಕ್ಷೆ. ಪುರಾಣಗಳಲ್ಲಿ ವನವಾಸ ಮಾಡಿದವರನ್ನೆಲ್ಲ ಯಾರೋ ಒಬ್ಬರು ಅಟ್ಟಿದ್ದಾರೆ. ಒಬ್ಬರೂ ತಾವಾಗಿ ಅರ್ಜಿ ಹಾಕಿದ್ದಿಲ್ಲ. ಈಗ ವೀಸಾ ಕೊಡಿ ಎಂದು ಅರ್ಜಿ ಹಾಕಬೇಕು, ಫೋಟೋ ಅಂಟಿಸಬೇಕು, ಬೆರಳಿನ ಗುರುತು ಕೊಡಬೇಕು. ಅಲ್ಲೇ ಉಳಿದುಬಿಡದೆ ವಾಪಸ್ಸು ಬರುತ್ತೀರಿ ಎನ್ನುವುದಕ್ಕೆ ಪುರಾವೆ ಬೇರೆ ಕೇಳಿದ್ದರು. ಮನೆ, ಮರ, ಅನ್ನ ಮೂರೂ ಇಲ್ಲದ ಬಯಲಿನಲ್ಲಿ ಮಳವಳ್ಳಿ ಬಿಟ್ಟು ಯಾವನು ಉಳಿಯುತ್ತಾನೆ? ಆರುನೂರು ಕುರ್ಚಿ, ಎಂಟು ಕೊಪ್ಪರಿಗೆ ನನ್ನ ದಾರಿ ಕಾಯುತ್ತಿವೆ ಎಂದು ಬರೆಸಿದೆ. ಒಪ್ಪಿದರು.

ಆಮೇಲೆ ಬಂತು ಡಾಕ್ಟರ ಪಟ್ಟಿ. ಇಷ್ಟು ವರ್ಷ ನಾನು ಎಷ್ಟೋ ಪಟ್ಟಿ ನೋಡಿದ್ದೇನೆ, ಎಲ್ಲದರಲ್ಲೂ ಇನ್ನೂ ಏನು ಬೇಕು ಎಂದು ಇರುತ್ತದೆ. ಈ ಪಟ್ಟಿಯಲ್ಲಿ ಏನೇನು ಬೇಡ ಎಂದೇ ಇತ್ತು. ಎರಡನೆಯ ಪಂಚೆ ಬೇಡ. ತಟ್ಟೆ ಬೇಡ, ಲೋಟದಲ್ಲೇ ಊಟ. ಭಾರ ಕಮ್ಮಿಯಾಗಲಿ ಎಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿಕೊಳ್ಳಬೇಕು! ನಾನು ಕತ್ತರಿಸಿ, ಹಿಡಿಯ ಚೂರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ನನ್ನ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡೆ. ಡೇರೆಯೋ, ಮಡಿಸಿದರೆ ಒಂದು ಸೋರೆಕಾಯಿಯಷ್ಟು. ಅದರ ಗೂಟಗಳು ಹೆಂಗಸರ ಹೇರ್‌ಪಿನ್ನಿನಂತಿದ್ದವು. ನಾಲ್ಕು ನಮ್ಮ ಕಬ್ಬಿಣದ ಗೂಟ ತರುತ್ತೇನೆ ಎಂದೆ. ಡಾಕ್ಟರು ಕೈ ಮುಗಿದರು.

ಬೆಸಗರಹಳ್ಳಿಯಲ್ಲಿರುವ ನನ್ನ ತಂಗಿ ಮಾತ್ರ ಪಟ್ಟಿಯನ್ನು ಗೆದ್ದಳು. ನೀರು ಹಾಕಿದರೆ ಊಟವಾಗುವ ಪುಡಿ ಬೇಕಂತೆ, ವಿದೇಶದ್ದು ಪೊಟ್ಟಣದಲ್ಲಿ ಬರುತ್ತದಂತೆ ಎಂದು ಅವಳಿಗೆ ಫೋನಿನಲ್ಲಿ ಹೇಳಿದೆ. "ಅದ್ಕ್ಯಾಕಣ್ಣ ಇದೇಸ? ರಾಗಿ ಉರಿಟ್ಟು ಕಳಿಸ್ತೀನಿ ಬುಡು" ಅಂದಳು. ಡಾಕ್ಟರು ಆ ಹುರಿಹಿಟ್ಟನ್ನು ಬೆಲ್ಲದ ನೀರಲ್ಲಿ ಕಲಸಿ ತಿಂದು ಪೊಟ್ಟಣಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದರು.

ನನ್ನ ಹೆಂಡತಿ ಜಯಮ್ಮ ಮಾತ್ರ ಇದ್ಯಾವುದಕ್ಕೂ ಮಣಿಯಲಿಲ್ಲ. ಆರ್ಕ್ಟಿಕ್ ಎಂದರೆ ಹಿಮ ಎಂದುಕೊಂಡಿದ್ದಳು. ಜುಲೈನಲ್ಲಿ ಹಿಮ ಕರಗಿ ಜೌಗಾಗಿರುತ್ತದೆ, ತೊರೆಗಳನ್ನು ಮೊಣಕಾಲು ನೀರಲ್ಲಿ ದಾಟಬೇಕು, ಸೊಳ್ಳೆ ಮಾತ್ರ ಮೋಡದ ಹಾಗೆ ಮುತ್ತುತ್ತವೆ ಎಂದು ಡಾಕ್ಟರು ವಿವರಿಸಿದರು. ಜಯಮ್ಮ ನನ್ನ ಕಡೆ ತಿರುಗಿದಳು.

"ಅಲ್ಲಾ ಕಣ್ರೀ, ಕೆಸ್ರು, ಸೊಳ್ಳೆ, ತಣ್ಣೀರು. ಇಷ್ಟ್ಕೆ ಇಮಾನ ಯಾಕೆ? ನಾಟಿ ಟೈಮಲ್ಲಿ ಗದ್ದೇಗ್ ಬನ್ನಿ ಅಂದ್ರೆ ಸೊಂಟ ನೋವು ಅಂತಿದ್ರಲ್ಲ!"

ಡಾಕ್ಟರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದರು.

ಅಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತು. ಹಬ್ಬಿಸಿದವನು ನಾನೇ, ಅದನ್ನು ಒಪ್ಪಿಕೊಳ್ಳುತ್ತೇನೆ. ಕ್ಷೌರದಂಗಡಿಯಲ್ಲಿ ಒಮ್ಮೆ ಬಾಯಿ ಬಿಟ್ಟರೆ ಸಾಕು. ನಮ್ಮ ಜಿಲ್ಲೆಯಲ್ಲಿ ಮನುಷ್ಯ ಏನು ಸಾಧಿಸಿದರೂ ಅದು ಫ್ಲೆಕ್ಸ್ ಕಟ್ಟಿದ ಮೇಲೆಯೇ ನಿಜವಾಗುವುದು. ಒಂದು ಬೆಳಿಗ್ಗೆ ನೋಡುತ್ತೇನೆ, ಸರ್ಕಲ್ಲಿನಲ್ಲಿ ನನ್ನದೇ ಮುಖ! "ಉತ್ತರ ಧ್ರುವ ಯಾತ್ರೆಗೆ ಹೊರಟಿರುವ ಸಾಹಸಸಿಂಹ ಶಾಮಿಯಾನ ಕೆಂಪಣ್ಣನವರಿಗೆ ಶುಭ ಕೋರುವವರು, ಗೆಳೆಯರ ಬಳಗ." ಕೆಳಗೆ ಹದಿನಾಲ್ಕು ಗೆಳೆಯರ ಮುಖಗಳು, ಅವರಲ್ಲಿ ಒಂಬತ್ತು ಜನ ನನಗೆ ಗುರುತಿಲ್ಲ. ನನ್ನ ಪಕ್ಕದಲ್ಲಿ ಒಂದು ಪೆಂಗ್ವಿನ್ ನಿಂತಿತ್ತು. ಪೆಂಗ್ವಿನ್ ಇರುವುದು ಇನ್ನೊಂದು ಧ್ರುವದಲ್ಲಿ ಎಂದು ಡಾಕ್ಟರು ಹೇಳಿದ್ದರಿಂದ ಫ್ಲೆಕ್ಸ್ ಅಂಗಡಿಯ ಶಿವಲಿಂಗನನ್ನು ಕೇಳಿದೆ.

"ಅಣ್ಣ, ಮೊದ್ಲು ಕರಡೀನೇ ಆಕಿದ್ದೆ. ಆದ್ರೆ ನೀವ್ಯಾರು ಕರಡಿ ಯಾವ್ದು ಅಂತ ಗೊತ್ತಾಯ್ತಿರ್ಲಿಲ್ಲ" ಅಂದ.

ಅದೇ ಸಂಜೆ ಡಾಕ್ಟರು ಒಂದು ಷರತ್ತು ಹಾಕಿದರು. ಗುಂಪಿನ ಮಿಕ್ಕ ನಾಲ್ವರೂ ಬೆಟ್ಟಗುಡ್ಡ ಹತ್ತಿ ಪಳಗಿದವರು. ನಾನೊಬ್ಬನೇ ಹೊಸಬ. ವಿಮಾನದ ಟಿಕೆಟ್ ಮಾಡಿಸುವ ಮೊದಲು ನನ್ನನ್ನು ಪರೀಕ್ಷೆ ಮಾಡಬೇಕು. ಹದಿನೈದು ಕೆಜಿ ಚೀಲ ಬೆನ್ನಿಗೆ ಹಾಕಿಕೊಂಡು ಮಳವಳ್ಳಿಯಿಂದ ಬೆಳಕವಾಡಿ ದಾಟಿ ಶಿವನಸಮುದ್ರದವರೆಗೆ, ಇಪ್ಪತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲದ ದಾರಿಯನ್ನು, ಸಂಜೆ ಐದರೊಳಗೆ ನಡೆದು ಮುಟ್ಟಬೇಕು. ಗಾಡಿ ಹತ್ತಬಾರದು. ಯಾರ ಸಹಾಯವನ್ನೂ ತೆಗೆದುಕೊಳ್ಳಬಾರದು. "ಅಲ್ಲಿ ಅವರವರ ಭಾರ ಅವರವರೇ ಹೊರಬೇಕು ಕೆಂಪಣ್ಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಬೇರೆಯೋರ್ನ ಕರ್ಕೊಂಡ್ ಹೋಗ್ತೀನಿ."

ಹದಿನಾಲ್ಕು ಜನ ಶುಭ ಕೋರಿ ಆಗಿದೆ. ನಾನು ಬೇಜಾರು ಮಾಡಿಕೊಳ್ಳದಿದ್ದರೂ ಊರು ಬಿಡುತ್ತದೆಯೇ? ಫೇಲಾದರೆ ಇನ್ನು ಹತ್ತು ವರ್ಷ ನನ್ನ ಚಪ್ಪರದ ಕೆಳಗೆ ಕೂತು ಉಂಡು ನನ್ನ ಬಗ್ಗೆಯೇ ನಗುತ್ತಾರೆ. ಡಾಕ್ಟರು ಕರುಗಳನ್ನು ತೂಗುವ ತಕ್ಕಡಿಯಲ್ಲಿ ನನ್ನ ಚೀಲ ತೂಗಿಕೊಟ್ಟರು. ಒಳಗೆ ಏನು ತುಂಬಿದರೂ ನಡೆಯುತ್ತಿತ್ತು. ನಾನು ಹಟಕ್ಕೆ ನನ್ನ ಕಬ್ಬಿಣದ ಗೂಟಗಳನ್ನೇ ತುಂಬಿದೆ. ಹೆಜ್ಜೆ ಹೆಜ್ಜೆಗೂ ಝಣ್ ಝಣ್ ಎನ್ನುತ್ತ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ.

ಭಾರಕ್ಕೆ ನಾನು ತಯಾರಾಗಿದ್ದೆ. ಪ್ರೀತಿಗೆ ತಯಾರಾಗಿರಲಿಲ್ಲ. ನಮ್ಮ ಕಡೆ ಗುರುತಿನವನು ನಡೆದು ಹೋಗುವುದನ್ನು ನೋಡಿಕೊಂಡು ಗಾಡಿಯಲ್ಲಿ ಮುಂದೆ ಹೋಗುವುದು ಎಂದರೆ ಹಳೇ ಜಗಳ ಇದೆ ಎಂದು ಅರ್ಥ. ಮೂವತ್ತು ವರ್ಷ ಶಾಮಿಯಾನ ಕೊಟ್ಟವನಿಗೆ ಈ ರಸ್ತೆಯಲ್ಲಿ ಗುರುತಿಲ್ಲದವರು ಯಾರು? ಊರ ಕೊನೆ ದಾಟುವುದರಲ್ಲೇ ಹಾಲಿನ ಡೇರಿಯ ಸಿದ್ದರಾಜು ಬ್ರೇಕು ಹಾಕಿದ.

"ಲೇ ಕೆಂಪ, ಗಾಡಿ ಏನಾಯ್ತ್ಲಾ? ಅತ್ಕೊ."

"ಬ್ಯಾಡ ಕಣ್ಲಾ, ನಡೀತೀನಿ."

"ಯಾಕ್ಲಾ, ಸುಗರ್ ಬಂತಾ?"

ನಮ್ಮಲ್ಲಿ ಕಾರಣವಿಲ್ಲದೆ ನಡೆಯುವುದು ಸಕ್ಕರೆ ಕಾಯಿಲೆಯವರು ಮಾತ್ರ, ಅದೂ ಬಿಸಿಲೇರುವ ಮೊದಲು. ಬಿಸಿಲಲ್ಲಿ ನಡೆಯುವವನು ಹರಕೆ ಹೊತ್ತಿರಬೇಕು, ಇಲ್ಲವೇ ಹಾಳಾಗಿರಬೇಕು. ಬೈಕು, ಆಟೋ, ಬಾಳೆಗೊನೆ ತುಂಬಿದ ಲಗೇಜ್ ಗಾಡಿ ಒಂದೊಂದೂ ನಿಂತವು. ಒಂದು ಬಸ್ಸೇ ನಿಂತಿತು. "ಅತ್ರಣ್ಣ, ಟಿಕೀಟ್ ಬ್ಯಾಡ" ಎಂದ ಕಂಡಕ್ಟರಿಗೆ ಕೈ ಮುಗಿದೆ. ಕಿಟಕಿಯಿಂದ ಒಂದು ಹೆಂಗಸಿನ ದನಿ ಬಂತು: "ಅರಕೆ ಇರ್ಬೇಕು ಬುಡಿ, ಬೆನ್ನಾಗೆ ಗಂಟೆ ಸಬ್ದ ಕೇಳ್ತದೆ." ಮಜ್ಜಿಗೆ ಕೊಡಲು ಬಂದವರಿಗೂ ಬೇಡ ಎಂದೆ. ಅಷ್ಟು ಜನರ ಪ್ರೀತಿಯನ್ನು ಒಂದೇ ದಿನ ಬೇಡ ಅಂದವನು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಹತ್ತನೇ ಕಿಲೋಮೀಟರಿನ ಹೊತ್ತಿಗೆ ನನ್ನ ಭಾಮೈದ ಪುಟ್ಟಸ್ವಾಮಿ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದ. ಗಂಟು ಕಟ್ಟಿಕೊಂಡು ನಿಮ್ಮ ಯಜಮಾನರು ಹೊರಟುಹೋದರು ಎಂದು ಆರು ಜನ ಜಯಮ್ಮನಿಗೆ ಫೋನ್ ಮಾಡಿದ್ದರಂತೆ. ಅವಳಿಗೆ ಪರೀಕ್ಷೆಯ ವಿಷಯ ಗೊತ್ತು, ನಕ್ಕು ಫೋನ್ ಇಟ್ಟಿದ್ದಾಳೆ. ಏಳನೆಯವರು ಇವನಿಗೆ ಮಾಡಿದ್ದರು.

"ಭಾವ, ಅಕ್ಕ ಏನಾರ ಅಂದ್ಲಾ? ಅಂದಿದ್ರೆ ನಾನ್ ಬುದ್ಧಿ ಏಳ್ತೀನಿ. ಮನೆಗ್ ನಡೀರಿ."

"ಏನೂ ಅಂದಿಲ್ಲ ಕಣಪ್ಪ. ಪ್ರಾಕ್ಟೀಸು."

"ಸನ್ಯಾಸಿ ಆಗಕೂ ಪ್ರಾಕ್ಟೀಸ್ ಮಾಡ್ತಾರಾ?"

ನಂಬದೆ ಎರಡು ಕಿಲೋಮೀಟರು ಫಸ್ಟ್ ಗೇರಿನಲ್ಲೇ ನನ್ನ ಹಿಂದೆ ಬಂದ. ಎಂಜಿನ್ ಕಾದು ನಿಂತಿತು. ಅವನು ತಳ್ಳಿಕೊಂಡು ವಾಪಸ್ಸು ಹೊರಟ. ನಾನು ಮುಂದೆ ನಡೆದೆ.

ಬೆಳಕವಾಡಿ ದಾಟಿ ಸ್ವಲ್ಪ ದೂರದಲ್ಲಿ, ನಾಲೆಯ ಪಕ್ಕ, ಹುಲ್ಲಿನ ಹೊರೆ ಎದುರಿಗಿಟ್ಟುಕೊಂಡು ಒಂದು ಅಜ್ಜಿ ಕೂತಿತ್ತು. ಹೊರೆ ಕಟ್ಟುವುದು ಒಬ್ಬರ ಕೆಲಸ, ತಲೆಗೆ ಎತ್ತುವುದು ಇಬ್ಬರ ಕೆಲಸ. ದಾರಿಹೋಕರಿಗಾಗಿ ಕಾಯುತ್ತಿತ್ತು.

"ಬಾ ಮಗ, ಒಂದ್ ಕೈ ಕೊಡು. ಆಗ್ಲಿಂದ ಕುಂತಿವ್ನಿ. ಬೈಕ್ನೋರೆಲ್ಲ ನನ್ನ ಕೂರುಸ್ಕತೀನಿ ಅಂತಾರೆ, ಒರೆ ಎತ್ತು ಅಂದ್ರೆ ಮುಂದುಕ್ಕೋಯ್ತಾರೆ."

ಸಹಾಯ ತೆಗೆದುಕೊಳ್ಳಬಾರದು ಎಂದಿದ್ದರೇ ಹೊರತು ಕೊಡಬಾರದು ಎಂದಿರಲಿಲ್ಲ. ಚೀಲ ಇಳಿಸಿ, ಹೊರೆಯನ್ನು ಒಂದೇ ಸಲಕ್ಕೆ ಅಜ್ಜಿಯ ತಲೆಗೆ ಏರಿಸಿದೆ. ಅದರ ಕಣ್ಣು ನನ್ನ ಚೀಲದ ಮೇಲೆ ಬಿತ್ತು.

"ಏನ್ ಮಗ ಅದ್ರಲ್ಲಿ?"

"ಗೂಟ ಕಣಜ್ಜಿ."

"ಯಾವೂರ್ಗೆ?"

"ಎಲ್ಗೂ ಇಲ್ಲ. ಶಿವನಸಮುದ್ರುಕ್ಕೋಗಿ ವಾಪಸ್ ಬತ್ತವೆ."

"ಸುಮ್ಕೆ?"

"ಸುಮ್ಕೆ."

ಅಜ್ಜಿ ಬಹಳ ಕರುಣೆಯಿಂದ ನನ್ನನ್ನು ನೋಡಿತು.

ಮನೆಯಲ್ಲಿ ಚೀಲವನ್ನು ಜಗಲಿಯ ಮೇಲಿಟ್ಟು ಹೆಗಲಿಗೆ ಹಾಕಿಕೊಂಡಿದ್ದೆ. ಇಲ್ಲಿ ಜಗಲಿ ಇಲ್ಲ. ಕೂತು, ಚೀಲದ ಹೆಗಲಪಟ್ಟಿಗಳಿಗೆ ತೋಳು ತೂರಿಸಿ ಏಳಲು ಹೋದೆ, ಗೂಟಗಳು ಹಿಂದಕ್ಕೆ ಎಳೆದವು. ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸುತ್ತಿದ್ದೆ. ಎರಡು ಸಲ, ಮೂರು ಸಲ. ಅಷ್ಟರಲ್ಲಿ ಅಜ್ಜಿ ಒಂದು ಕೈಯಲ್ಲಿ ತಲೆಯ ಹೊರೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನನ್ನ ಚೀಲದ ಕುಣಿಕೆ ಹಿಡಿದು, "ಏಳು ಮಗ" ಎಂದು ಎತ್ತಿಬಿಟ್ಟಿತು. ಬೇಡ ಅನ್ನುವುದರೊಳಗೆ ನಾನು ನಿಂತಾಗಿತ್ತು.

"ಎತ್ಕೊಡೋರು ಇಲ್ದಿರೋ ಕಡೆ ಒರೆ ಇಳುಸ್ಬಾರ್ದು ಕಣ್ ಮಗ" ಎಂದು ಹೇಳಿ, ಹುಲ್ಲು ಅಲ್ಲಾಡಿಸುತ್ತ ಬದುವಿನ ಮೇಲೆ ಇಳಿದುಹೋಯಿತು.

ಉಳಿದ ದಾರಿಯಲ್ಲಿ ಗೂಟಕ್ಕಿಂತ ಆ ಕೈಯೇ ಹೆಚ್ಚು ಭಾರವಾಯಿತು. ನೋಡಿದವರು ಯಾರೂ ಇಲ್ಲ. ಅಜ್ಜಿಗೆ ಡಾಕ್ಟರು ಗೊತ್ತಿಲ್ಲ, ಡಾಕ್ಟರಿಗೆ ಅಜ್ಜಿ ಗೊತ್ತಿಲ್ಲ. ಅರ್ಧ ನಿಮಿಷದ ಕೆಲಸ. ಅದನ್ನೂ ಸಹಾಯ ಅನ್ನುತ್ತಾರೆಯೇ ಎಂದು ನನಗೆ ನಾನೇ ವಕೀಲನಾಗಿ ವಾದಿಸಿದೆ. ಆದರೆ ನನ್ನ ಜಂಬಕ್ಕೆ ಎರಡು ಮುಖ. ಒಂದು, ಊರ ಮುಂದೆ ಸೋಲಬಾರದು. ಇನ್ನೊಂದು, ಆರುನೂರು ಕುರ್ಚಿ ಎಂದರೆ ಎಣಿಸಿ ಆರುನೂರೇ ಕಳಿಸಬೇಕು, ಒಂದು ಕಮ್ಮಿಯಾದರೆ ಮೊದಲೇ ಹೇಳಬೇಕು. ಎರಡೂ ಜಂಬಗಳು ನನ್ನ ಬೆನ್ನ ಮೇಲೆ ಕೂತು ಶಿವನಸಮುದ್ರದವರೆಗೆ ಕಿತ್ತಾಡಿದವು.

ಹೊಳೆಯ ಹತ್ತಿರ ಡಾಕ್ಟರು ಕಾಯುತ್ತಿದ್ದರು. ಇನ್ನೂ ಐದಕ್ಕೆ ಹತ್ತು ನಿಮಿಷ ಇತ್ತು. ಚೀಲ ಇಳಿಸಿಕೊಳ್ಳುವ ಮೊದಲೇ ಬಗ್ಗಿ ಎತ್ತಿನ ಕಾಲು ನೋಡುವ ಹಾಗೆ ನನ್ನ ಮೊಣಕಾಲು ಒತ್ತಿ ನೋಡಿದರು.

"ಊತ ಇಲ್ಲ. ಗಾಡಿ ಹತ್ತಿದ್ಯಾ?"

"ಇಲ್ಲ ಸಾರ್."

"ಯಾರ ಸಹಾಯಾನಾದ್ರೂ?"

ಇಲ್ಲ ಅನ್ನುವುದು ಎರಡೇ ಅಕ್ಷರ. ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅಜ್ಜಿಯ ಕಥೆಯನ್ನು ಹೇಳಿಬಿಟ್ಟೆ, ಆಮೆಯಾಗಿದ್ದನ್ನೂ ಸೇರಿಸಿ. ಹೇಳಿ, ಫೇಲು ಅನ್ನಿಸಿಕೊಳ್ಳಲು ಎದೆಯುಬ್ಬಿಸಿ ನಿಂತೆ.

ಡಾಕ್ಟರು ಸುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದರು:

"ಕೆಂಪಣ್ಣ, ನನ್ನ ಸೊಂಟ ಹೋದ ವರ್ಷವೇ ಹೋಯ್ತು. ಹೊತ್ತು ನಡೀತೀನಿ, ಆದ್ರೆ ಒಬ್ನೇ ನೆಲದಿಂದ ಚೀಲ ಎತ್ತಿ, ಸೊಂಟ ತಿರುಗಿಸಿ ಬೆನ್ನಿಗೆ ಹಾಕ್ಕೊಳ್ಳೋಕಾಗಲ್ಲ. ಹೋದ ಸಲ ಬೆಟ್ಟದಲ್ಲಿ ದಿನಾ ಬೆಳಿಗ್ಗೆ ಬಂಡೆ ಹುಡುಕ್ಕೊಂಡು ಅದರ ಮೇಲಿಟ್ಟು ಹಾಕ್ಕೊಳ್ತಿದ್ದೆ. ಮಿಕ್ಕ ನಾಲ್ವರೂ ಶೂರರು, ಅವರ ಹತ್ರ ಕೇಳೋಕೆ ನಾಚಿಕೆ. ನಿನ್ನದು ನಾನು ಎತ್ಕೊಡ್ತೀನಿ, ನನ್ನದು ನೀನು ಎತ್ಕೊಡು. ಇದು ಮಳವಳ್ಳೀಲಿ ಯಾರಿಗೂ ಗೊತ್ತಾಗಬಾರದು."

ಟಿಕೆಟ್ ಆಯಿತು. ಒಪ್ಪಂದವೂ ಆಯಿತು. ಮಿಕ್ಕವರು ಏಳುವ ಮೊದಲೇ ಕತ್ತಲಲ್ಲಿ ಎದ್ದು ಒಬ್ಬರ ಚೀಲ ಒಬ್ಬರು ಹೆಗಲಿಗೇರಿಸಿ, ಆಗಲೇ ತಯಾರಾದವರ ಹಾಗೆ ನಿಂತುಕೊಳ್ಳುವುದು. ವಾರ ಕಳೆದ ಮೇಲೆ ಡಾಕ್ಟರು ಪೆಚ್ಚುಮೋರೆ ಹಾಕಿಕೊಂಡು ಅಂಗಡಿಗೆ ಬಂದರು. ಜುಲೈನಲ್ಲಿ ಆ ಸೀಮೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ. ನಡುರಾತ್ರಿಯಲ್ಲೂ ಹಗಲೇ. ಮನುಷ್ಯನ ಮಾನ ಉಳಿಯಲು ಸ್ವಲ್ಪವಾದರೂ ಕತ್ತಲೆ ಬೇಕು ಎಂಬುದನ್ನು ಆ ದೇಶವನ್ನು ಮಾಡಿದ ದೇವರು ಯೋಚಿಸಿರಲಿಲ್ಲ.

ಬೇರೆ ದಾರಿ ಕಾಣದೆ, ನಾಚಿಕೆ ಇಲ್ಲೇ ಬಿಟ್ಟುಹೋಗಲಿ ಎಂದು, ಈಗ ದಿನಾ ಸಂಜೆ ನನ್ನ ಅಂಗಡಿಯ ಮುಂದೆ, ಮಳವಳ್ಳಿಯೆಲ್ಲ ನೋಡುವ ಹಾಗೆ, ಒಬ್ಬರಿಗೊಬ್ಬರು ಚೀಲ ಎತ್ತಿಕೊಡುವ ಅಭ್ಯಾಸ ನಡೆಸಿದ್ದೇವೆ. ಮೊದಲ ದಿನ ಜನ ಸೇರಿದರು, ನಮ್ಮಿಬ್ಬರ ಮುಖವೂ ಕೆಂಪಾಯಿತು. ಎರಡನೆಯ ದಿನ ಯಾರೋ ಶಿಳ್ಳೆ ಹೊಡೆದರು. ನಾಲ್ಕನೆಯ ದಿನ ಯಾರೂ ತಿರುಗಿ ನೋಡಲಿಲ್ಲ. ಅದಕ್ಕೆ ಮಾತ್ರ ನಮಗೆ ಸ್ವಲ್ಪ ಬೇಜಾರಾಯಿತು.