ಚಟ್ಟದ ಮೇಲೆ ನಕ್ಕ ಅಪ್ಪ

ನಮ್ಮಪ್ಪ ಒಂದೇ ಒಂದು ಸಿನಿಮಾದಲ್ಲಿ ನಟಿಸಿದ್ದಾರೆ. ಅದರಲ್ಲಿ ಅವರು ಹೆಣ. ಇದನ್ನು ಹೇಳಿದರೆ ಕೇಳಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನಕ್ಕರೆ ನಗಲಿ ಎಂದುಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇವತ್ತಿಗೂ ಮೈ ಉರಿಯುತ್ತದೆ.

ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನವೆಂಬರ್ ಬಂತೆಂದರೆ ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದರು, ಅಪ್ಪನದು ಯಾವಾಗಲೂ ದೊಡ್ಡ ಪಾತ್ರ. ಮೈಕ್ ಕೈಕೊಟ್ಟರೂ ಹಿಂದಿನ ಸಾಲಿನವರಿಗೆ ಕೇಳಿಸುವಂಥ ಗಂಟಲು. ನಿವೃತ್ತಿಯಾದ ಮೇಲೆ ನವೆಂಬರ್ ಬಿಟ್ಟರೆ ಆ ಗಂಟಲಿಗೆ ಕೆಲಸವಿಲ್ಲದೆ, ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡುವಾಗಲೂ ರಾಜದರ್ಬಾರಿನ ಧಾಟಿ ಬರುತ್ತಿತ್ತು. ಅಮ್ಮ ಒಳಗಿನಿಂದಲೇ ಕೂಗುತ್ತಿದ್ದರು: "ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗೊಳ್ಳೋಕೆ ಇಷ್ಟೊಂದು ಆಕ್ಟಿಂಗ್ ಬೇಕೇನ್ರೀ?"

ಹೊಸ ಶತಮಾನದ ಮೊದಲ ವರ್ಷಗಳು ಅವು. ಗಾಂಧಿನಗರದಲ್ಲಿ ಲಾಂಗು ಮಚ್ಚಿನ ಸಿನಿಮಾಗಳದೇ ಸುಗ್ಗಿ. ನಾನು ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿದ್ದೆ. ಒಂದು ದಿನ ಕ್ಲಾಸು ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಇಬ್ಬರು ಅಪರಿಚಿತರು ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಒಬ್ಬರು ನಿರ್ಮಾಪಕರು, ನಾಗರಬಾವಿ ಕಡೆಯ ಹಳೇ ಊರಿನವರು. ಅವರ ರಾಗಿ ಹೊಲವೆಲ್ಲ ಸೈಟುಗಳಾಗಿದ್ದವು, ಮಗ ಹೀರೋ ಆಗುತ್ತೇನೆಂದು ಹಟ ಹಿಡಿದಿದ್ದ. ಇನ್ನೊಬ್ಬ ನಿರ್ದೇಶಕ, ಗದಗಿನ ಕಡೆಯವನು. ವಿಜಯನಗರದಲ್ಲಿ ಒಂದು ರೂಮು ಮಾಡಿಕೊಂಡು, ಕಂಡಕಂಡವರ ಕೈಕೆಳಗೆ ಅಸಿಸ್ಟೆಂಟ್ ಆಗಿ ಸವೆದು, ಕೊನೆಗೂ ಒಂದು ಸಿನಿಮಾ ಗಿಟ್ಟಿಸಿದ್ದ. ಮೂರನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಾಗ ಅವನ ಹಸಿವು ಎಂಥದೆಂದು ನನಗೆ ಅರ್ಥವಾಯಿತು. ಅದಕ್ಕೇ ಅವನನ್ನು ಪೂರ್ತಿಯಾಗಿ ದ್ವೇಷಿಸಲು ಆಗುವುದಿಲ್ಲ. ಪ್ರಯತ್ನವಂತೂ ಮಾಡಿದ್ದೇನೆ.

ಅವರಿಗೆ ಶೂಟಿಂಗಿಗೆ ಬೇಕಾಗಿದ್ದದ್ದು ನಮ್ಮ ಮನೆ. ಕೆಂಪು ಗಾರೆಯ ನೆಲ, ಮರದ ಕಿಟಕಿ, ಹಿತ್ತಲಲ್ಲಿ ತುಳಸಿಕಟ್ಟೆ. ರೌಡಿಯಾದ ಮಗನ ಮರ್ಯಾದಸ್ಥ ತಂದೆ ವಾಸಿಸಲು ಹೇಳಿ ಮಾಡಿಸಿದಂತಿತ್ತಂತೆ. ಅಪ್ಪ ಕೊಡುವ ಮನಸ್ಸು ಮಾಡಲಿಲ್ಲ. ಆಗ ನಿರ್ದೇಶಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅಪ್ಪನ ಮುಖವನ್ನೇ ದಿಟ್ಟಿಸಿದ.

"ಸರ, ಮನಿ ಬಿಡ್ರಿ. ಇಂಥಾ ಮುಖಾನ ಹುಡುಕಾಕತ್ತಿದ್ದೆ ನೋಡ್ರಿ ನಾ. ಹೀರೋನ ಅಪ್ಪನ ಪಾತ್ರ ನೀವೇ ಮಾಡ್ಬೇಕ್ರಿ."

ಅಷ್ಟೇ. ನಮ್ಮಪ್ಪ ಮನೆಯ ಬೀಗದ ಕೈ ಕೊಟ್ಟುಬಿಟ್ಟರು.

ಪಾತ್ರಕ್ಕೆ ಇದ್ದದ್ದು ಎರಡೇ ದೃಶ್ಯ. ಒಂದರಲ್ಲಿ ಮಚ್ಚು ಹಿಡಿದು ಬಂದ ಮಗನನ್ನು ಬಾಗಿಲಲ್ಲೇ ತಡೆದು ತಂದೆ ಒಂದು ಪುಟದಷ್ಟು ಮಾತಾಡಬೇಕು. ಇನ್ನೊಂದರಲ್ಲಿ ಸತ್ತು ಚಟ್ಟದ ಮೇಲೆ ಮಲಗಬೇಕು. ಎರಡನೆಯದು ಅಪ್ಪನ ಕಿವಿಗೇ ಬೀಳಲಿಲ್ಲ. ಅವರಿಗೆ ಆ ಒಂದು ಪುಟವೇ ಸಿನಿಮಾ. ಸ್ನಾನ ಮಾಡುವಾಗ ಅದೇ, ವಾಕಿಂಗಿನಲ್ಲಿ ಅದೇ. "ಈ ಹೊಸಿಲು ದಾಟುವಾಗ ನಿನ್ನ ಕೈಯಲ್ಲಿ ಸ್ಲೇಟಿತ್ತು ಮಗನೇ. ಇವತ್ತು ಏನಿದೆ, ತೋರಿಸು!" ಎಂದು ಅವರು ಬಚ್ಚಲುಮನೆಯಲ್ಲಿ ಗುಡುಗಿದರೆ ಪಕ್ಕದ ಮನೆಯವರ ನಾಯಿ ಬೊಗಳುತ್ತಿತ್ತು. ಕಾರ್ಖಾನೆಯ ಹಳೇ ಸ್ನೇಹಿತರಿಗೆಲ್ಲ ಸುದ್ದಿ ಮುಟ್ಟಿತು. "ನವೆಂಬರಿನ ನಾಟಕ ಮಾರನೇ ದಿನಕ್ಕೆ ಮರೆತುಹೋಗುತ್ತೆ ಪುಟ್ಟಿ. ಸಿನಿಮಾ ಹಾಗಲ್ಲ, ಉಳಿಯುತ್ತೆ" ಎಂದರು ನನ್ನ ಹತ್ತಿರ. ಮನುಷ್ಯನ ಆಸೆ ಅಷ್ಟೇ ಇತ್ತು. ಅಷ್ಟಾದರೂ ಉಳಿಯಲಿ ಎಂದು.

ಶೂಟಿಂಗ್ ದಿನ ಅಮ್ಮ ಕೆಂಗೇರಿಯ ಸೋದರಮಾವನ ಮನೆಗೆ ಹೊರಟುನಿಂತರು. "ಬದುಕಿರೋ ಗಂಡನ್ನ ಚಟ್ಟದ ಮೇಲೆ ಮಲಗಿಸೋದು ನೋಡೋಕೆ ನಂಗೇನ್ ಕರ್ಮ? ನೀನೇ ಇದ್ದು ನೋಡ್ಕೋ" ಎಂದು ನನಗೆ ಹೇಳಿ ಬಸ್ಸು ಹತ್ತಿದರು.

ಬೆಳಗ್ಗೆ ಆ ಮಾತಿನ ದೃಶ್ಯ. ಹೀರೋ ಮಚ್ಚು ಹಿಡಿದು ಹೊಸಿಲ ಹೊರಗೆ ನಿಂತಿದ್ದ, ಅಪ್ಪ ಒಳಗೆ. ಎಲ್ಲಿಯೂ ತಡವರಿಸದೆ, ಒಂದೇ ಉಸಿರಿನಲ್ಲಿ ಎನ್ನುವಂತೆ, ಅಪ್ಪ ಇಡೀ ಪುಟವನ್ನು ಮುಗಿಸಿದರು. ಕೊನೆಯ ಮಾತಿಗೆ ಅವರ ದನಿ ಇಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಕ್ಯಾಮೆರಾಮನ್ "ಒಂದೇ ಟೇಕ್‌ಗೆ ಓಕೆ ಸಾರ್, ಸೂಪರ್!" ಎಂದರು. ನಿರ್ದೇಶಕ ಕಣ್ಣೊರೆಸಿಕೊಂಡ. ಅಪ್ಪ ಕುರ್ಚಿಯಲ್ಲಿ ಕೂತು ನೀರು ಕೇಳಿದರು.

ಮಧ್ಯಾಹ್ನ ಅದೇ ನಡುಮನೆಯಲ್ಲಿ ಚಟ್ಟ ಕಟ್ಟಿದರು. ಮೂಗಿಗೆ ಹತ್ತಿ, ಕುತ್ತಿಗೆಗೆ ಹಾರ, ತಲೆಯ ಬಳಿ ದೀಪ. ಊದುಬತ್ತಿಯ ಹೊಗೆಗೆ ಸೀನು ಬರುವಂತಿದ್ದರೂ ಅಪ್ಪ ಅಲುಗಾಡದೆ ಮಲಗಿದ್ದರು. ಹೀರೋ ಅವರ ಎದೆಯ ಮೇಲೆ ಬಿದ್ದು ಅತ್ತ. ಶಾಟ್ ಮುಗಿಯಿತು ಎಂದುಕೊಂಡು ನಾನು ಹತ್ತಿರ ಹೋದರೆ ಕ್ಯಾಮೆರಾಮನ್ ಕೈಯೆತ್ತಿ ತಡೆದರು. ಹೆಣದ ಪಾತ್ರ ಮಾಡಿದವರು ಆ ಶಾಟಿನ ಕೊನೆಯಲ್ಲಿ ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ನಗಬೇಕಂತೆ, ಅದನ್ನೂ ಚಿತ್ರೀಕರಿಸಬೇಕಂತೆ. ಇಲ್ಲವಾದರೆ ನಟನ ಆಯಸ್ಸಿಗೆ ಕೇಡು. ಅದು ಚಿತ್ರರಂಗದವರು ತಪ್ಪದೆ ಪಾಲಿಸುವ ಪದ್ಧತಿ. "ಸಾರ್, ಸ್ವಲ್ಪ ನಗಿ ಸಾರ್" ಎಂದರು. ಅಪ್ಪ ಹತ್ತಿ ಸಿಕ್ಕಿಸಿದ ಮೂಗಿನೊಂದಿಗೇ ತಲೆ ಹೊರಳಿಸಿ ಬಾಯ್ತುಂಬ ನಕ್ಕರು. ಬೆಳಗಿನ ಚಪ್ಪಾಳೆಯ ಖುಷಿ ಆ ನಗುವಿನಲ್ಲಿತ್ತು. ಆಮೇಲೆ ಬೂದುಗುಂಬಳ ನಿವಾಳಿಸಿ ರಸ್ತೆಯಲ್ಲಿ ಒಡೆದರು.

ಸಿನಿಮಾ ಹೇಗೋ ಮುಗಿದು ತೆರೆಗೆ ಬಂತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ರಸ್ತೆಯ ಅರ್ಧ ಜನರನ್ನು, ಕಾರ್ಖಾನೆಯ ಗೆಳೆಯರನ್ನು, ಮುನಿಸಿಕೊಂಡಿದ್ದ ಅಮ್ಮನನ್ನೂ ಹೊರಡಿಸಿಕೊಂಡು ಮಾಗಡಿ ರಸ್ತೆಯ ಥಿಯೇಟರಿಗೆ ಬಂದರು. ಹೀರೋ ನಮ್ಮ ಮನೆಯ ಗೇಟಿನ ಹತ್ತಿರ ಬಂದಾಗ ಅಪ್ಪ ನನ್ನ ಕೈ ಅದುಮಿ "ಈಗ ಬರುತ್ತೆ" ಎಂದರು. ಬರಲಿಲ್ಲ. ಗೇಟಿನಿಂದ ನೇರ ಒಂದು ಹೊಡೆದಾಟ, ಆಮೇಲೆ ಒಂದು ಹಾಡು, ಆಮೇಲೆ ನಮ್ಮ ನಡುಮನೆಯ ಚಟ್ಟ. ಅಪ್ಪ ಬಾಯಿ ತೆರೆಯುವ ಮೊದಲೇ ಸತ್ತುಹೋಗಿದ್ದರು.

ಅಲ್ಲಿಗೇ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ನಿರ್ದೇಶಕನ ಜೊತೆ ಜಗಳವಾಡಿ ಎಡಿಟರ್ ಅರ್ಧಕ್ಕೇ ಎದ್ದು ಹೋಗಿದ್ದನಂತೆ. ಉಳಿದದ್ದನ್ನು ಯಾರೋ ಅವಸರದಲ್ಲಿ ಅಂಟಿಸಿದ್ದರು. ಶಾಟಿನ ಬಾಲವನ್ನು ಕತ್ತರಿಸಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಹೀರೋ ಅಪ್ಪನ ಎದೆಯ ಮೇಲೆ ಬಿದ್ದು ಗೋಳಾಡುತ್ತಾನೆ, ಪಿಟೀಲು ಅಳುತ್ತದೆ, ಹೆಣ ಕಣ್ಣು ಬಿಟ್ಟು ಪ್ರೇಕ್ಷಕರ ಕಡೆಗೆ ತಿರುಗಿ ಬಾಯ್ತುಂಬ ನಗುತ್ತದೆ.

ಥಿಯೇಟರ್ ಕಿತ್ತುಹೋಗುವಂತೆ ಶಿಳ್ಳೆ. "ಎದ್ದ ಗುರು, ಎದ್ದ!" ಎಂದು ಮುಂದಿನ ಸಾಲಿನವರು ಕುರ್ಚಿ ಹತ್ತಿ ಕುಣಿದರು. ನಮ್ಮ ರಸ್ತೆಯವರು ಮೊದಲು ತಡೆದುಕೊಂಡರು, ಆಮೇಲೆ ಅವರಿಂದಲೂ ಆಗಲಿಲ್ಲ. ಅಮ್ಮ ಎದ್ದು ಹೊರಗೆ ಹೋದರು. ಅಪ್ಪ ಕೊನೆಯವರೆಗೂ ಕೂತಿದ್ದರು, ತಮ್ಮ ಮಾತು ಮುಂದೆಲ್ಲಾದರೂ ಬರಬಹುದೆಂದು.

ಆ ತುಣುಕನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು! ಜನ ನಕ್ಕರೆಂದು ಗೊತ್ತಾದದ್ದೇ ತಡ, ರಕ್ತಸಿಕ್ತ ಕೌಟುಂಬಿಕ ಚಿತ್ರ ಎಂದಿದ್ದ ಪೋಸ್ಟರಿನ ಮೇಲೆ "ನಕ್ಕು ನಕ್ಕು ಸಾಯಿರಿ" ಎಂಬ ಪಟ್ಟಿ ಬಿತ್ತು. ಪಕ್ಕದಲ್ಲಿ ಹತ್ತಿ ತುರುಕಿದ ಮೂಗಿನ ನಮ್ಮಪ್ಪ. ಅತ್ತಿಗುಪ್ಪೆಯ ಗೋಡೆಗಳ ಮೇಲೆ ಅವರ ನಗು ನೋಡುತ್ತಾ ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋದೆ. ತಾನು ಮೊದಲಿನಿಂದಲೂ ಹಾಸ್ಯಚಿತ್ರವನ್ನೇ ಮಾಡಹೊರಟಿದ್ದೆ ಎಂದು ನಿರ್ದೇಶಕ ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ನಾಚಿಕೆಯಿಲ್ಲದೆ ಹೇಳಿದ. ಅಷ್ಟೆಲ್ಲ ಮಾಡಿಯೂ ಮುಂದಿನ ಶುಕ್ರವಾರ ಸಿನಿಮಾ ಎತ್ತಂಗಡಿಯಾಯಿತು.

ಅಪ್ಪ ಯಾರನ್ನೂ ಬೈಯಲಿಲ್ಲ. ನಾನು ಕೂಗಾಡಿದಾಗ "ಎಡಿಟಿಂಗ್‌ನಲ್ಲಿ ತೆಗೆದಿದಾರೆ ಅಂದ್ರೆ ಚೆನ್ನಾಗಿ ಬಂದಿಲ್ಲ ಅಂತ ತಾನೇ? ನಾನೇ ಸರಿಯಾಗಿ ಮಾಡಿಲ್ಲ ಬಿಡು" ಎಂದರು. ಅಲ್ಲಿಂದ ಅವರ ಗಂಟಲು ಇಂಗಿಹೋಯಿತು. ನವೆಂಬರಿನಲ್ಲಿ ಗೆಳೆಯರು ನಾಟಕಕ್ಕೆ ಕರೆಯಲು ಬಂದರೆ ಮಂಡಿನೋವು ಎಂದು ಹೇಳಿ ಕಳಿಸಿದರು. ತರಕಾರಿಯವನು ಹೇಳಿದ ಬೆಲೆಗೆ ಸುಮ್ಮನೆ ತಂದು ಇಡುತ್ತಿದ್ದರು. ಅಮ್ಮ ಚೀಲ ಇಸಿದುಕೊಂಡು ಅವರ ಮುಖವನ್ನೊಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಹೀಗೇ ವರ್ಷಗಳು ಕಳೆದವು.

ನನಗೆ ಕೆಲಸ ಸಿಕ್ಕಿದ ಮೇಲೆ, ಅನ್ನಪೂರ್ಣೇಶ್ವರಿ ನಗರದ ಒಂದು ಛತ್ರದಲ್ಲಿ ಸಹೋದ್ಯೋಗಿಯ ಮದುವೆಗೆ ಹೋಗಿದ್ದೆ. ವಿಡಿಯೋ ತೆಗೆಯುತ್ತಿದ್ದವನು ನನ್ನ ಗುರುತು ಹಿಡಿದ. ಆ ಸಿನಿಮಾದಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದವನು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತು ಅಪ್ಪನನ್ನು ವಿಚಾರಿಸಿದ. ಅಷ್ಟು ಚೆನ್ನಾಗಿ ಮಾಡಿದ್ದ ದೃಶ್ಯವನ್ನು ಯಾಕೆ ಕತ್ತರಿಸಿದಿರಿ ಎಂದು ಕೇಳಿಯೇಬಿಟ್ಟೆ.

"ಕತ್ತರಿಸೋಕೆ ಇದ್ರೆ ತಾನೇ ಮೇಡಂ? ಆ ಸೀನಲ್ಲಿ ಕ್ಯಾಮೆರಾದಲ್ಲಿ ಫಿಲ್ಮೇ ಇರ್ಲಿಲ್ಲ. ಹೀರೋ ಫೈಟಿಗೇ ರೋಲೆಲ್ಲ ಖಾಲಿಯಾಗಿತ್ತು. ಮನೆ ಕೊಟ್ಟೋರು, ಪ್ರೊಡ್ಯೂಸರ್ ಭಾಮೈದ, ಇಂಥೋರಿಗೆಲ್ಲ ಸುಮ್ನೆ ಖಾಲಿ ಓಡಿಸ್ತಿದ್ವಿ. ಅವರಿಗೂ ಖುಷಿ, ನಮಗೂ ಕೆಲಸ ಆಗೋದು."

"ಮತ್ತೆ ಆ ನಗು?"

"ಅಯ್ಯೋ, ಅದಕ್ಕೆ ಫಿಲ್ಮ್ ಹಾಕ್ಲೇಬೇಕಲ್ವಾ! ಉಳಿದಿದ್ದ ತುಂಡನ್ನ ಹೀರೋ ಅಳೋದಕ್ಕೂ ಆ ನಗುಗೂ ಅಂತ ಎತ್ತಿಟ್ಟಿದ್ವಿ. ಹೆಣಾನ ಶೂಟ್ ಮಾಡಿ ನಗು ತೆಗೀದೇ ಇದ್ರೆ, ಪಾಪ, ದೊಡ್ಡೋರು, ಏನಾದ್ರೂ ಆದ್ರೆ?"

ಅವನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ಅಪ್ಪನ ಆಯಸ್ಸಿಗಾಗಿ ಎತ್ತಿಡಲು ಅವರ ಹತ್ತಿರ ಫಿಲ್ಮ್ ಇತ್ತು, ಅಪ್ಪ ಆಸೆಪಟ್ಟ ಒಂದು ಪುಟಕ್ಕೆ ಇರಲಿಲ್ಲ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆ ಚಪ್ಪಾಳೆ, ಆ ಕಣ್ಣೊರೆಸಿಕೊಂಡದ್ದು, ಎಲ್ಲವೂ ಖಾಲಿ ಡಬ್ಬಿಯ ಮುಂದೆ ಆಡಿದ ನಾಟಕ. ದಾರಿಯುದ್ದಕ್ಕೂ ನಿರ್ದೇಶಕನನ್ನು ಹುಡುಕಿಕೊಂಡು ಹೋಗಿ ಕಪಾಳಕ್ಕೆ ಬಾರಿಸಬೇಕು ಎಂದುಕೊಳ್ಳುತ್ತಾ ಮನೆಗೆ ಬಂದೆ. ಅಪ್ಪನಿಗೂ ಸಿಟ್ಟು ಬರಲಿ ಎಂದು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಅಪ್ಪ ಕನ್ನಡಕ ತೆಗೆದರು. "ನಿಜವಾಗ್ಲೂ? ಸ್ವಲ್ಪಾನೂ ಶೂಟ್ ಮಾಡಿರ್ಲಿಲ್ವಾ?"

"ಇಲ್ಲಪ್ಪ. ಮೋಸ ಮಾಡಿದ್ರು."

"ಅಂದ್ರೆ ಯಾರೂ ನೋಡಿ, ಚೆನ್ನಾಗಿಲ್ಲ ಅಂತ ತೆಗೆದುಹಾಕಿಲ್ಲ."

ಅವರ ಮುಖ ಅರಳಿತು. ಸಿಟ್ಟಿನ ಸುಳಿವೂ ಇರಲಿಲ್ಲ. "ಲೇ, ಕೇಳಿಸ್ತೇನೇ?" ಎಂದು ಅಡುಗೆಮನೆಯತ್ತ ಕೂಗಿದರು, ಎಷ್ಟೋ ವರ್ಷಗಳ ಮೇಲೆ ಆ ಹಳೇ ಗಂಟಲಿನಲ್ಲಿ. "ನಾನು ಕೆಟ್ಟದಾಗಿ ಮಾಡಿರ್ಲಿಲ್ವಂತೆ ಕಣೇ! ಬಾ ಇಲ್ಲಿ, ಕೂತ್ಕೋ. ಅವತ್ತು ನೀನು ಕೆಂಗೇರೀಲಿದ್ದೆ, ನೋಡಿಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಅಪ್ಪ ಹೊಸಿಲ ಹತ್ತಿರ ಹೋಗಿ ನಿಂತು ಆ ಒಂದು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಒಂದು ಮಾತೂ ಮರೆತಿರಲಿಲ್ಲ. ಮುಗಿದ ಮೇಲೆ ಅಮ್ಮ "ಚೆನ್ನಾಗಿದೆ ಕಣ್ರೀ" ಎಂದರು.

ಅಪ್ಪನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ, ಇವತ್ತಿಗೂ ಸಾಕಾಗಿಲ್ಲ.