ಹಿಟ್ಟಿನ ಡಬ್ಬಿಗೆ ಜರಿ ಕವರು

ಗೆಳತಿಯರೇ, ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ರೇಡಿಯೋ ಇರುವುದು ನನ್ನ ಮನೆಯಲ್ಲಿ ಮಾತ್ರ. ಆದರೂ ಇವತ್ತು ಪಕ್ಕದ ಮನೆ ಸುಶೀಲಾಳ ಅರಿಶಿನ-ಕುಂಕುಮಕ್ಕೆ ಹೋದವರೆಲ್ಲ ಹೊಗಳಿದ್ದು ಅವಳ ರೇಡಿಯೋ ಕವರನ್ನು. ಸೀತಾಬರ್ಡಿ ಪೇಟೆಯಿಂದ ಮಿಂಚುವ ಜರಿ ನೂಲು ತಂದು, ಕ್ರೋಶಾದಲ್ಲಿ ನವಿಲು ಹೆಣೆದಿದ್ದಾಳೆ. ಅವಳ ರೇಡಿಯೋ ಇನ್ನೂ ಬಂದಿಲ್ಲ. ಕವರು ಹಿಟ್ಟಿನ ಡಬ್ಬಿಯ ಮೇಲಿದೆ. ಅಳತೆ ಮಾತ್ರ ನನ್ನ ರೇಡಿಯೋದ್ದು. ಹೋದ ತಿಂಗಳು ಬಂದು ಗೇಣು ಹಾಕಿಕೊಂಡು ಹೋಗಿದ್ದಳು.

“ಡಬ್ಬಿಗ್ಯಾಕ್ರೀ ಇಷ್ಟ್ ಝಗಮಗ?” ಎಂದೆ.

“ರೇಡಿಯೋ ಬರೂತನಾ ಡಬ್ಬಿನೂ ಚಂದ ಕಾಣ್ಲಿ ಬಿಡ್ರಿ, ವೈನಿ. ನಿಮ್ಮ ರೇಡಿಯೋಕ್ಕೂ ಒಂದು ಹೆಣದು ಕೊಡ್ಲೇನು? ಬರೇ ಮೈಲೇ ಕೂತದ,” ಎಂದಳು. ಎಲ್ಲರೂ ನಕ್ಕರು.

ಮನೆಗೆ ಬಂದು, ಬಾಗಿಲು ತೆರೆದಿಟ್ಟು ರೇಡಿಯೋ ಜೋರಾಗಿ ಹಚ್ಚಿದ್ದೇನೆ. ಅದು ಗಂಟಲು ಹರಿದುಕೊಂಡು ಹಾಡುತ್ತಿದೆ. ಹೆಂಗಸರೆಲ್ಲ ಇನ್ನೂ ಆ ಮೂಕ ಡಬ್ಬಿಯ ಮುಂದೆಯೇ ಕೂತಿದ್ದಾರೆ.