ಅಪ್ಪನ ಮುಖವಿದ್ದ ಫೈಲು

ಅಪ್ಪ ಕಾಮಾಲೆಯಿಂದ ಸತ್ತಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವನ ಮುಖ ನನಗೆ ಗೊತ್ತಿಲ್ಲ. ಇದ್ದೊಂದು ಮದುವೆ ಫೋಟೋ, ಗೋವಾದ ಸಾಂಕೋಲೆಯ ನಮ್ಮ ಹಳೇ ಶೆಡ್ಡಿಗೆ ಮಳೆನೀರು ನುಗ್ಗಿದ ವರ್ಷ ಬರೀ ಬಿಳಿ ಕಾಗದವಾಯಿತಂತೆ. ಹಿರಿಯರ ಹಬ್ಬಕ್ಕೆ ಅವ್ವ ಹೊಸ ಧೋತರ ಇಟ್ಟು ಎಡೆ ಹಿಡಿಯುತ್ತಾಳೆ. ನಾನು ಆ ಧೋತರಕ್ಕೆ ಕೈಮುಗಿಯುತ್ತೇನೆ. ಅಕ್ಕಪಕ್ಕದವರ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಕಂಡರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ, ಆಳುಗಳ ಮೇಲಿನ ಮುಕಾದಮನೊಬ್ಬನ ಕೈಕೆಳಗೆ, ಅದಿರು ತುಂಬುವ ಗ್ಯಾಂಗಿನಲ್ಲಿದ್ದ. "ಗೇಟ್ ಪಾಸಿಗೆ ಫೋಟೋ ಹಚ್ಚತಿದ್ರಂತ. ಪಾಸೆಲ್ಲಾ ಗ್ಯಾಂಗಿನ ಮುಕಾದಮನ ಕಡೇನ ಇರ್ತಿದ್ದು, ನಾ ಕಂಡಿಲ್ಲ," ಎಂದಳು ಅವ್ವ, ಹೋದ ಹಬ್ಬದ ದಿನ. ಗುತ್ತಿಗೆದಾರನ ಕಂಪನಿ ಎಂದೋ ಮುಚ್ಚಿತ್ತು. ಅಲ್ಲಿ ಕ್ಲಾರ್ಕ್ ಆಗಿದ್ದವರನ್ನು ಹುಡುಕಿ ಬೆನ್ನುಬಿದ್ದೆ. ಹಳೇ ಕಂಪ್ಯೂಟರಿನ ಆ್ಯಕ್ಸೆಸ್ ಡೇಟಾಬೇಸ್ ಫೈಲೊಂದನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟರು. "ಪಾಸಿನ ಫೋಟೋ ಎಲ್ಲಾ ಇದರಾಗ ಅದಾವ ನೋಡ ತಂಗಿ. ತಗ್ಯೂದು ನಿನ್ನ ಹಣೇಬರ."

ಹಣೆಬರಹವೇ ಸರಿ. ಆಫೀಸಿನ ಕೆಲಸಕ್ಕೆಂದು ಪೈಥಾನ್ ಪ್ರೋಗ್ರಾಮಿಂಗ್ ಕಲಿತಿದ್ದೆ, ನಾಲ್ಕು ಸಾಲು ಬರೆದರೆ ಫೈಲು ತೆರೆದೀತು ಅಂದುಕೊಂಡೆ. ಈ ಫೈಲು ಓದುವ ಡ್ರೈವರ್ ಇಲ್ಲ ಎಂದಿತು ಕಂಪ್ಯೂಟರು. ಹಾಕಿದೆ. ಆಗಲೂ ಇಲ್ಲ ಎಂದಿತು. ಕಣ್ಣಮುಂದೆ ಇದೆಯಲ್ಲೋ ಮೂಳ! ರಜೆಗಳೆಲ್ಲ ಇದಕ್ಕೇ ಬಲಿಯಾದವು. ಕಡೆಗೆ ತಿಳಿಯಿತು: ಡ್ರೈವರ್ ಮೂವತ್ತೆರಡು ಬಿಟ್ಟಿನದು, ನನ್ನ ಪೈಥಾನ್ ಅರವತ್ನಾಲ್ಕರದು, ಎರಡಕ್ಕೂ ಹೊಂದುವುದೇ ಇಲ್ಲ. ಮೂವತ್ತೆರಡರ ಪೈಥಾನನ್ನೇ ಬೇರೆ ತಂದು ಹಾಕಿದೆ. ಫೈಲು ಬಾಯಿಬಿಟ್ಟಿತು. ಅಪ್ಪನ ಹೆಸರಿತ್ತು, ಊರಿತ್ತು. ಫೋಟೋ ಕಾಲಮ್ಮಿನಲ್ಲಿ ಚಿತ್ರದ ಮೊದಲು ಆ್ಯಕ್ಸೆಸ್ ತುರುಕಿದ್ದ ಕಸವನ್ನೆಲ್ಲ ಕತ್ತರಿಸಿದೆ.

ಒಂದು ಮುಖ ಬಂತು. ಹುರಿ ಮೀಸೆ, ಅಗಲ ಹಣೆ. ಮೂಗು ಥೇಟ್ ನನ್ನದೇ! "ಅಪ್ಪಾ" ಎಂದೆ, ಹುಟ್ಟಿದಾಗಿನಿಂದ ಯಾರಿಗೂ ಅನ್ನದ ಮಾತು. ಗೊಳೋ ಎಂದು ಅತ್ತುಬಿಟ್ಟೆ.

ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಗ್ಗಿ ನೋಡಿದಳು.

"ಇವ ಮುಕಾದಮ ಅಲ್ಲೇನ?"

ನಾನು ಒಪ್ಪಲಿಲ್ಲ. ಹೆಸರು ಅಪ್ಪನದೇ ಇದೆ ಎಂದು ಜಗಳಕ್ಕೇ ನಿಂತೆ.

"ಗೇಟಿನವ್ರು ಇವನ ಮಾರಿ ನೋಡೇ ಗ್ಯಾಂಗೆಲ್ಲಾ ಒಳಗ ಬಿಡ್ತಿದ್ರು. ಒಬ್ಬೊಬ್ಬರ ಫೋಟೋ ಯಾಕ ಅಂತ ಇವಂದ ಎಲ್ಲಾರಿಗೂ ಹಚ್ಚಿರಬೇಕು."

ಆ ಗ್ಯಾಂಗಿನ ಬೇರೆ ಹೆಸರುಗಳನ್ನೂ ತೆರೆದೆ. ಎಲ್ಲರಿಗೂ ಅದೇ ಹುರಿ ಮೀಸೆ. ಕಂಡವರ ಮೂಗಿನಲ್ಲಿ ನನ್ನ ಮೂಗು ಹುಡುಕಿದೆನಲ್ಲ, ಥೂ!

"ಹಂಗಾರ ನೀನ ಹೇಳ ಬೇ, ಅಪ್ಪ ಹೆಂಗಿದ್ದ? ಹೇಳಿ ಚಿತ್ರ ಬರಸ್ತೀನಿ. ಕಣ್ಣು ಹೆಂಗಿದ್ದು? ಹಣಿ?"

ಅವ್ವ ಕೈಗಂಟಿದ ಹಿಟ್ಟನ್ನು ಉಜ್ಜುತ್ತ ಕೂತಳು. ರೊಟ್ಟಿ ಸೀದ ವಾಸನೆ ಬಂದರೂ ಏಳಲಿಲ್ಲ.

"ನನಗೂ ಮಸಕಾಗೇತಿ ಯವ್ವಾ," ಎಂದಳು. "ಇವ ಅಲ್ಲ ಅನ್ನೂದಷ್ಟ ಗೊತ್ತು."